ಜನನದ ದಫ್ತರ

ನಮ್ಮ ಸರ್ಕಾರಿ ಕಚೇರಿಗಳ ಹಳೆಯ ಸೇವಾ ಪುಸ್ತಕಗಳನ್ನು ಒಟ್ಟುಗೂಡಿಸಿ ತಿರುವಿಹಾಕಿದವರಿಗೆ ಒಂದು ವಿಚಿತ್ರ ಸಂದೇಹ ಬಂದೀತು: ಕನ್ನಡನಾಡಿನಲ್ಲಿ ಒಂದು ಕಾಲಕ್ಕೆ ಮಕ್ಕಳು ಹುಟ್ಟುತ್ತಿದ್ದುದು ಹೆಚ್ಚಾಗಿ ಜೂನ್ ತಿಂಗಳ ಮೊದಲನೆಯ ತಾರೀಖಿನಂದೇ ಏನು? ನಿವೃತ್ತರಾದವರ ಮನೆಗಳಲ್ಲಿ ವಿಚಾರಿಸಿ ನೋಡಿ. ಯಜಮಾನರ ಕಾಗದದಲ್ಲಿ ಜನ್ಮದಿನ ಜೂನ್ 1. ಅವರ ತಾಯಿ ಹೇಳುತ್ತಿದ್ದುದು ಮಾತ್ರ ನವರಾತ್ರಿಯ ಸಮಯ, ಸಪ್ತಮಿಯೋ ಅಷ್ಟಮಿಯೋ. ಇದರ ಗುಟ್ಟು ಶಾಲೆಯ ಮೇಷ್ಟರಿಗೆ ಗೊತ್ತು. ಶಾಲೆ ತೆರೆಯುತ್ತಿದ್ದುದು ಜೂನ್‌ನಲ್ಲಿ. ತಂದೆಯೋ ಸೋದರಮಾವನೋ ಹುಡುಗನ ಕೈಹಿಡಿದು ತಂದು ನಿಲ್ಲಿಸುತ್ತಿದ್ದರು. ಹುಡುಗ ತಲೆಯ ಮೇಲಿಂದ ಬಲಗೈ ಬಳಸಿ ಎಡಗಿವಿಯನ್ನು ಮುಟ್ಟಿದನೆಂದರೆ ಅವನಿಗೆ ವಯಸ್ಸಾಯಿತೆಂದು ಲೆಕ್ಕ. ಹುಟ್ಟಿದ ತಾರೀಖಿನ ಕಾಲಮನ್ನು ಬರಿದಾಗಿ ಬಿಡುವ ಹಾಗಿಲ್ಲ. ಮೇಷ್ಟರು ಆ ಇಸವಿಯಿಂದ ಐದೋ ಆರೋ ಕಳೆದು, ಶಾಲೆ ತೆರೆದ ದಿನವನ್ನೇ ಹುಡುಗನ ಜನ್ಮದಿನವಾಗಿ ದಯಪಾಲಿಸುತ್ತಿದ್ದರು. ಆ ತಾರೀಖೇ ಮುಂದೆ ಎಸ್.ಎಸ್.ಎಲ್.ಸಿ. ಪುಸ್ತಕಕ್ಕೆ, ಅಲ್ಲಿಂದ ನೌಕರಿಗೆ, ನೌಕರಿಯಿಂದ ಪಿಂಚಣಿಗೆ ನಡೆದು ಬಂತು.

ಆದರೆ ಮೇಷ್ಟರು ಹೀಗೆ ಬರೆಯುವುದಕ್ಕೆ ಐದಾರು ವರ್ಷ ಮೊದಲೇ ಅದೇ ಹುಡುಗನ ಹುಟ್ಟನ್ನು ಬೇರೊಬ್ಬರು ಬೇರೊಂದು ಪುಸ್ತಕದಲ್ಲಿ ಬರೆದಿಟ್ಟಿರುವ ಸಂಭವ ಸಾಕಷ್ಟಿದೆ. ಆ ಪುಸ್ತಕ ಈಗಲೂ ಯಾವುದೋ ತಾಲ್ಲೂಕು ಕಚೇರಿಯ ದಫ್ತರದ ಕೋಣೆಯಲ್ಲಿ ಗಂಟಿನೊಳಗೆ ಮಲಗಿರಬಹುದು. ಹುಡುಕಲು ಹೋದವರು, “ನಮ್ಮ ಹೆಸರೇ ಇಲ್ಲವಂತೆ” ಎಂದು ಹಿಂತಿರುಗಿ ಬರುತ್ತಾರೆ. ಹೆಸರು ಇಲ್ಲದಿರುವುದು ನಿಜವೇ. ಹೆಸರಿಲ್ಲವೆಂದರೆ ದಾಖಲೆ ಇಲ್ಲವೆಂದು ಅರ್ಥವಲ್ಲ. ಆ ಪುಸ್ತಕವನ್ನು ಬರೆದದ್ದು ನಿಮಗಾಗಿ ಅಲ್ಲ, ಅಷ್ಟೆ. ಅದನ್ನು ಯಾರಿಗಾಗಿ, ಯಾತಕ್ಕಾಗಿ ಬರೆದರೆಂಬುದನ್ನು ತಿಳಿದುಕೊಂಡರೆ ಅದರೊಳಗೆ ನಿಮ್ಮನ್ನು ಎಲ್ಲಿ ಹುಡುಕಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ಹುಟ್ಟನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿ ಇರಲಿಲ್ಲವೆಂದು ಹೇಳಲಾಗದು. ಅನುಕೂಲವಿದ್ದ ಮನೆಗಳಲ್ಲಿ ಜಾತಕ ಬರೆಸುತ್ತಿದ್ದರು. ಸಂವತ್ಸರ, ಅಯನ, ಮಾಸ, ತಿಥಿ, ನಕ್ಷತ್ರ, ಸೂರ್ಯೋದಯವಾಗಿ ಇಷ್ಟು ಘಳಿಗೆಗೆ ಎಂಬ ತನಕ ಅದರಲ್ಲಿ ವಿವರ ಇರುತ್ತಿತ್ತು. ಇಂದಿನ ಯಾವ ಆಸ್ಪತ್ರೆಯ ಚೀಟಿಯೂ ಇಷ್ಟು ವಿವರ ಹೇಳಲಾರದು. ಆದರೆ ಜಾತಕವಿದ್ದದ್ದು ಕೆಲವರಿಗೆ ಮಾತ್ರ. ಉಳಿದವರಿಗೆ ತಾಯಿಯ ನೆನಪೇ ಜಾತಕ. ಪ್ಲೇಗು ಬಂದು ಊರು ಬಿಟ್ಟ ವರ್ಷ, ಕಾವೇರಿಗೆ ದೊಡ್ಡ ಪ್ರವಾಹ ಬಂದ ವರ್ಷ, ನಾಲ್ವಡಿ ದೊರೆಗಳು ತೀರಿಕೊಂಡ ಮರುತಿಂಗಳು, ಗಾಂಧಿಯವರಿಗೆ ಗುಂಡು ಹೊಡೆದಾಗ ನೀನು ಹೊಟ್ಟೆಯಲ್ಲಿದ್ದೆ — ಹೀಗೆ. ಇವನ್ನು ನಗೆಯ ಮಾತೆಂದು ತಳ್ಳಿಹಾಕಬೇಡಿ. ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಕಾವೇರಿಯ ಮಹಾಪೂರ 1924ರ ಜುಲೈಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಗತಿಸಿದ್ದು 1940ರ ಆಗಸ್ಟ್ 3ರಂದು. ದಫ್ತರ ಹುಡುಕುವವನಿಗೆ ಇಂಥ ಒಂದು ಮಾತು ಹತ್ತು ವರ್ಷಗಳ ಪುಸ್ತಕಗಳನ್ನು ಒಂದು ವರ್ಷಕ್ಕೆ ಇಳಿಸಿಕೊಡುತ್ತದೆ.

ಪಶ್ಚಿಮದ ದೇಶಗಳಲ್ಲಿ ಈ ಕೆಲಸ ಶುರುವಾದದ್ದು ಇಗರ್ಜಿಗಳಲ್ಲಿ. ಇಂಗ್ಲೆಂಡಿನಲ್ಲಿ 1538ರಿಂದ ಪಾದ್ರಿಗಳು ಜ್ಞಾನಸ್ನಾನ, ಮದುವೆ, ಹೂಳುವಿಕೆಗಳನ್ನು ಬರೆದಿಡಬೇಕೆಂದು ಆಜ್ಞೆಯಾಯಿತು. ಸರ್ಕಾರವೇ ಹುಟ್ಟನ್ನು ಬರೆದುಕೊಳ್ಳುವ ಏರ್ಪಾಡು ಬಂದದ್ದು 1837ರಲ್ಲಿ. ಇಲ್ಲಿಗೆ ಬಂದ ಇಂಗ್ಲಿಷರು ತಮ್ಮವರ ಲೆಕ್ಕವನ್ನು ಜಾಗ್ರತೆಯಿಂದ ಇಟ್ಟುಕೊಂಡರು. ಮದರಾಸು, ಬೊಂಬಾಯಿ, ಬಂಗಾಳ ಆಧಿಪತ್ಯಗಳ ಇಗರ್ಜಿಗಳಿಂದ ಲಂಡನ್ನಿಗೆ ಹೋದ ನಕಲುಗಳು ಇಂದಿಗೂ ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ. 1886ರಲ್ಲಿ ಜನನ, ಮರಣ, ವಿವಾಹಗಳ ನೋಂದಣಿಗೆಂದು ಇಡೀ ದೇಶಕ್ಕೆ ಒಂದು ಕಾಯಿದೆ ಬಂತಾದರೂ ಅದು ಮುಖ್ಯವಾಗಿ ಯೂರೋಪಿಯನ್ನರಿಗೂ ಕ್ರೈಸ್ತರಿಗೂ ಸಂಬಂಧಪಟ್ಟದ್ದು. ಅದರಲ್ಲಿಯೂ ಬರೆಸುವುದು ಬಿಡುವುದು ಅವರವರ ಇಷ್ಟ.

ಉಳಿದ ಕೋಟ್ಯಂತರ ಜನರ ಹುಟ್ಟುಸಾವನ್ನು ಬರೆಯುವ ಯೋಚನೆ ಸರ್ಕಾರಕ್ಕೆ ಬಂದದ್ದು ಬೇರೆಯ ಕಾರಣದಿಂದ. ಇಲ್ಲಿದ್ದ ಬಿಳಿಯ ಸೈನಿಕರು ಯುದ್ಧಕ್ಕಿಂತ ಕಾಲರಾ, ಜ್ವರಗಳಿಂದ ಹೆಚ್ಚಾಗಿ ಸಾಯುತ್ತಿದ್ದರು. ಅದನ್ನು ವಿಚಾರಿಸಲು ಕೂತ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಿತು. ಮರುವರ್ಷ ಆಧಿಪತ್ಯಗಳಲ್ಲಿ ನೈರ್ಮಲ್ಯದ ಆಯೋಗಗಳು ಹುಟ್ಟಿದವು. ದಂಡಿನ ಸುತ್ತಣ ಊರುಗಳಲ್ಲಿ ಎಷ್ಟು ಜನ ಸಾಯುತ್ತಾರೆಂದು ತಿಳಿಯದೆ ರೋಗದ ಜಾಡು ಹಿಡಿಯುವುದು ಹೇಗೆ? ಆದ್ದರಿಂದ ಮೊದಲು ಸಾವನ್ನು ಬರೆದರು. ಹುಟ್ಟು ಅದರ ಬೆನ್ನಿಗೆ ಬಂತು. ಬಂಗಾಳದ ಕಾಯಿದೆ 1873ರದು, ಮದರಾಸಿನದು 1899ರದು. ನಮ್ಮ ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದರಾಸಿಗೆ ಸೇರಿದ್ದರಿಂದ ಅಲ್ಲಿಯ ಹಳೆಯ ದಾಖಲೆಗಳ ಹಿಂದೆ ಇರುವುದು ಈ ಎರಡನೆಯ ಕಾಯಿದೆ.

ಮೈಸೂರು ಸೀಮೆಗೆ ಲೆಕ್ಕದ ಬೆಲೆಯನ್ನು ಕಲಿಸಿದ್ದು ಬರಗಾಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ 55 ಸಾವಿರ. ಧಾತು, ಈಶ್ವರ ಸಂವತ್ಸರಗಳ ಭಯಂಕರ ಕ್ಷಾಮ ಕಳೆದು 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಮೀರಿ ಕುಗ್ಗಿತ್ತು. ಈ ಎರಡು ಅಂಕಿಗಳ ನಡುವೆ ಯಾರು ಯಾರು ಕಣ್ಮರೆಯಾದರೆಂಬುದು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ.

ಹಳ್ಳಿಗಳಲ್ಲಿ ಈ ಲೆಕ್ಕ ಬರೆಯುವ ಹೊರೆ ಬಿದ್ದದ್ದು ಪಟೇಲ ಶಾನುಭೋಗರ ಮೇಲೆ. ಉತ್ತರದ ಬೊಂಬಾಯಿ ಜಿಲ್ಲೆಗಳಲ್ಲಿ ಪಾಟೀಲ ಕುಲಕರ್ಣಿಗಳ ಮೇಲೆ. ಕಂದಾಯ, ಪಹಣಿ, ಜಮಾಬಂದಿಗಳ ನಡುವೆ ಇದೊಂದು ಸಂಬಳವಿಲ್ಲದ ಕೆಲಸ. ತಳವಾರನೋ ತೋಟಿಯೋ ಬಂದು, “ಮೇಲಿನಕೇರಿ ತಿಮ್ಮಯ್ಯನ ಮನೆಯಲ್ಲಿ ಗಂಡು ಮಗು” ಎಂದು ಹೇಳುತ್ತಿದ್ದ. ಶಾನುಭೋಗರು ಬರೆದುಕೊಳ್ಳುತ್ತಿದ್ದರು: ತಂದೆ ತಿಮ್ಮಯ್ಯ, ಜಾತಿ ಇಂಥದು, ಗಂಡು. ಹೆಸರು? ಹೆಸರಿನ ಗೊಡವೆ ಯಾರಿಗೆ ಬೇಕಾಗಿತ್ತು! ಮೇಲಿನವರು ಕೇಳುತ್ತಿದ್ದುದು ತಿಂಗಳಿಗೆ ಎಷ್ಟು ಗಂಡು, ಎಷ್ಟು ಹೆಣ್ಣು ಎಂದು. ಅಲ್ಲದೆ ಆ ಹೊತ್ತಿಗೆ ಮಗುವಿಗೆ ಹೆಸರೇ ಇಟ್ಟಿರುತ್ತಿರಲಿಲ್ಲ. ನಾಮಕರಣ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ. ಕೆಲವು ಮನೆಗಳಲ್ಲಿ ಮೂರು ತಿಂಗಳು ಕಳೆದ ಮೇಲೆ. ಹೆಸರಿಟ್ಟ ಸುದ್ದಿಯನ್ನು ಮತ್ತೆ ಹೋಗಿ ಶಾನುಭೋಗರಿಗೆ ತಿಳಿಸುವವರು ಯಾರು? ಹೀಗಾಗಿ ಪುಟಗಟ್ಟಲೆ ಹೆಸರಿಲ್ಲದ ಗಂಡುಮಕ್ಕಳು, ಹೆಸರಿಲ್ಲದ ಹೆಣ್ಣುಮಕ್ಕಳು. ನೀವು ಆ ಪುಸ್ತಕದಲ್ಲಿ ನಿಮ್ಮ ಹೆಸರನ್ನು ಹುಡುಕುವುದು ವ್ಯರ್ಥ. ಹುಡುಕಬೇಕಾದದ್ದು ನಿಮ್ಮ ತಂದೆಯ ಹೆಸರನ್ನು. ಅದೂ ಶಾಲೆಯಲ್ಲಿ ಬರೆಸಿದ ಗಂಭೀರ ನಾಮಧೇಯವನ್ನಲ್ಲ. ಊರಿನವರು ಕರೆಯುತ್ತಿದ್ದ ಹೆಸರನ್ನು. ಕಾಗದದಲ್ಲಿ ರಾಮಚಂದ್ರಯ್ಯನಾದವನು ಪಟೇಲರ ಪುಸ್ತಕದಲ್ಲಿ ರಾಮಣ್ಣನಾಗಿಯೇ ಇರುತ್ತಾನೆ.

ಎರಡನೆಯ ತೊಡಕು ತವರುಮನೆಯದು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸರ್ಕಾರದ ನಿಯಮವೋ, ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ ಎಂದು ಅಂದಿನಿಂದ ಇಂದಿನವರೆಗೂ ಇದೆ. ತಂದೆಗೆ ತುಮಕೂರಿನಲ್ಲಿ ಕೆಲಸ, ಮಗು ಬೆಳೆದದ್ದು, ಓದಿದ್ದು ಅಲ್ಲಿಯೇ. ಆದರೆ ಹುಟ್ಟಿದ್ದು ಕಡೂರಿನ ಹತ್ತಿರ ಅಜ್ಜನ ಊರಿನಲ್ಲಿ. ಮಗನು ಅರವತ್ತು ವರ್ಷದ ಮೇಲೆ ತುಮಕೂರಿನ ನಗರಸಭೆಯಲ್ಲಿ ದಾಖಲೆ ಕೇಳಿದರೆ ಸಿಕ್ಕುವುದು ಹೇಗೆ? ಎಷ್ಟೋ ಮಂದಿ ಹಿರಿಯ ಮಕ್ಕಳಿಗೆ ದಾಖಲೆ ಸಿಕ್ಕದೆ ತಮ್ಮ ತಂಗಿಯರಿಗೆ ಮಾತ್ರ ಸಿಕ್ಕುವುದರ ಮರ್ಮ ಇದೇ ಇರಬೇಕೆಂದು ನನ್ನ ಊಹೆ. ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಕಚೇರಿಗೆ ಹೋಗುವುದು ಆಮೇಲೆ.

ಲೆಕ್ಕಕ್ಕಾಗಿ ಇಟ್ಟ ಈ ಪುಸ್ತಕವನ್ನು ಒಬ್ಬೊಬ್ಬರ ವಯಸ್ಸಿಗೆ ಸಾಕ್ಷಿಯಾಗಿ ಕರೆಯಬೇಕಾದ ಸಂದರ್ಭ ಬಂದದ್ದು ಹೆಣ್ಣುಮಕ್ಕಳ ಮದುವೆಯ ಪ್ರಶ್ನೆಯಲ್ಲಿ. 1891ರಲ್ಲಿ ಬ್ರಿಟಿಷ್ ಇಂಡಿಯದಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದರು. ಮೈಸೂರು 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕರೊಳಗಿನ ಹುಡುಗಿಯನ್ನು ಕೈಹಿಡಿಯುವುದನ್ನೂ ನಿಷೇಧಿಸಿತು. ಕಾಯಿದೆ ಬಂತು, ಹುಡುಗಿಗೆ ಏಳೋ ಎಂಟೋ ಎಂದು ಹೇಳುವವರು ಯಾರು? ತಂದೆಯೇ ಹೇಳಬೇಕು. ಜಾತಕವೂ ಅವನ ಪೆಟ್ಟಿಗೆಯಲ್ಲಿಯೇ. ವರನ ಜಾತಕಕ್ಕೆ ಕೂಡದಿದ್ದರೆ ಇನ್ನೊಂದು ಜಾತಕ ಬರೆಸುವ ಕಲೆ ನಮ್ಮವರಿಗೆ ಹೊಸದಲ್ಲವಷ್ಟೆ. 1929ರ ಶಾರದಾ ಕಾಯಿದೆಯ ಕಾಲದಲ್ಲಿ ಮೋರೋಪಂತ ಜೋಶಿಯವರ ಅಧ್ಯಕ್ಷತೆಯ ಸಮಿತಿ ದೇಶವೆಲ್ಲ ತಿರುಗಿ ವಿಚಾರಿಸಿ, ಜನನದ ನೋಂದಣಿಯನ್ನು ಬಿಗಿಮಾಡಬೇಕೆಂದು ಹೇಳಿತು. ಹೆಸರಿಲ್ಲದ ಒಂದು ಸಾಲು ಒಬ್ಬ ಹುಡುಗಿಯನ್ನು ಕಾಪಾಡಬಲ್ಲದೆಂಬುದೂ, ಅದು ಇಲ್ಲದಿದ್ದರೆ ಅವಳನ್ನು ಕಾಪಾಡುವವರಿಲ್ಲವೆಂಬುದೂ ಆಗ ಸ್ಪಷ್ಟವಾಯಿತು. ಆದರೂ ಪುಸ್ತಕ ಹಾಗೆಯೇ ನಡೆಯಿತು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯೂ ನಮ್ಮ ಹುಟ್ಟುಸಾವಿನ ಅಂಕಿಗಳು ನಂಬಲರ್ಹವಲ್ಲವೆಂದೇ ಕೊರಗಿತು.

ಸ್ವಾತಂತ್ರ್ಯ ಬಂದ ಮೇಲೆ ಎರಡು ಬದಲಾವಣೆಗಳು ಬೆನ್ನುಬೆನ್ನಿಗೆ ಆದವು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ರದ್ದಾಗಿ ಪುಸ್ತಕಗಳು ಸಂಬಳದ ಗ್ರಾಮ ಲೆಕ್ಕಿಗರ ಕೈಗೆ ಬಂದವು. ತಲೆಮಾರುಗಳಿಂದ ಒಂದೇ ಮನೆಯ ಅಟ್ಟದ ಮೇಲಿದ್ದ ಕಟ್ಟುಗಳಲ್ಲಿ ಎಲ್ಲವೂ ತಾಲ್ಲೂಕು ಕಚೇರಿ ಸೇರಿದವೇ ಎಂದು ಕೇಳಿದರೆ, ಗೆದ್ದಲನ್ನೂ ಕೇಳಬೇಕಾದೀತು. ಇನ್ನೊಂದು ಬದಲಾವಣೆ ಸ್ವಾರಸ್ಯವಾದದ್ದು. ನೋಂದಣಿಯನ್ನು ನಂಬಿ ಜನನ ಪ್ರಮಾಣವನ್ನು ಹೇಳಲಾಗದೆಂದು ಕಂಡ ಕೇಂದ್ರ ಸರ್ಕಾರ, ಆರಿಸಿದ ಕೆಲವು ಊರುಗಳಲ್ಲಿ ಮಾತ್ರ ಎಚ್ಚರಿಕೆಯಿಂದ ಎಣಿಸುವ ಮಾದರಿ ನೋಂದಣಿ ಪದ್ಧತಿಯನ್ನು 1964-65ರಲ್ಲಿ ಪರೀಕ್ಷೆಗೆಂದು ತೊಡಗಿ, 1969-70ರಿಂದ ಪೂರ್ಣವಾಗಿ ಜಾರಿಗೆ ತಂದಿತು. ಎಣಿಕೆಗೆಂದು ಹುಟ್ಟಿದ ಪುಸ್ತಕ ಎಣಿಕೆಯಲ್ಲಿಯೇ ಸೋತು, ಆ ಕೆಲಸ ಬೇರೆಯವರ ಪಾಲಾಯಿತು. ಅದೇ ಹೊತ್ತಿಗೆ, 1969ರಲ್ಲಿ, ಇಡೀ ದೇಶಕ್ಕೆ ಅನ್ವಯಿಸುವ ಜನನ ಮರಣ ನೋಂದಣಿ ಕಾಯಿದೆ ಬಂದು, 1970ರ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ ನಡೆಯತೊಡಗಿತು. ಹುಟ್ಟನ್ನು ಬರೆಸುವುದು ಎಲ್ಲರಿಗೂ ಕಡ್ಡಾಯವಾಯಿತು. ಮನೆಯಲ್ಲಿ ಹುಟ್ಟಿದರೆ ಮನೆಯ ಯಜಮಾನನೂ, ಆಸ್ಪತ್ರೆಯಲ್ಲಿ ಹುಟ್ಟಿದರೆ ಅಲ್ಲಿಯ ವೈದ್ಯಾಧಿಕಾರಿಯೂ ತಿಳಿಸಬೇಕು. ಇಪ್ಪತ್ತೊಂದು ದಿನದೊಳಗೆ ತಿಳಿಸಿದವರಿಗೆ ನಕಲು ಪುಕ್ಕಟೆ. ನೂರು ವರ್ಷ ಸರ್ಕಾರದ ಸ್ವತ್ತಾಗಿದ್ದ ಸಾಲಿನ ಮೇಲೆ ಅದರಲ್ಲಿ ಬರೆಯಲ್ಪಟ್ಟವನಿಗೂ ಒಂದು ಹಕ್ಕು ಬಂತು.

ಹಾಗಾದರೆ ಹಳಬರು ಹೇಗೆ ಹುಡುಕಬೇಕು? ಮೊದಲು ತಿಳಿಯಬೇಕಾದದ್ದು ಹುಟ್ಟಿದ ಊರು ಅಂದು ಯಾರ ಆಡಳಿತದಲ್ಲಿತ್ತು ಎಂಬುದು. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡಿಗರು ಮೈಸೂರು, ಬೊಂಬಾಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಐದು ಕಡೆ ಹರಿದು ಹಂಚಿಹೋಗಿದ್ದರು. ಪುಸ್ತಕದ ಭಾಷೆಯೂ ಅದರಂತೆಯೇ. ಹೈದರಾಬಾದಿನ ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು; ಬೆಳಗಾವಿಯ ಕಡೆ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ ಕಾಣುವುದುಂಟು. ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಮೇಲು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯಿತು. ಅಲ್ಲಿ ಹುಟ್ಟಿದ ಕನ್ನಡಿಗರು ಬೆಂಗಳೂರಿನಲ್ಲಿ ಅರ್ಜಿ ಹಾಕಿ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದವರಿಗೂ ಒಂದು ಮಾತು: 1949ರಲ್ಲಿ ಕಾರ್ಪೊರೇಷನ್ ಆಗುವ ತನಕ ಪೇಟೆಯ ಪುರಸಭೆ ಬೇರೆ, ದಂಡಿನದು ಬೇರೆ. ಬಸವನಗುಡಿಯವರ ಪುಸ್ತಕದಲ್ಲಿ ಶಿವಾಜಿನಗರದವರನ್ನು ಹುಡುಕುವುದು ದಂಡ.

ಹಳ್ಳಿಯ ಹಳೆಯ ಪುಸ್ತಕಗಳಿಗೆ ತಾಲ್ಲೂಕಿನ ತಹಸೀಲ್ದಾರರ ಕಚೇರಿ, ಪಟ್ಟಣದವಕ್ಕೆ ಪುರಸಭೆ ಅಥವಾ ನಗರಪಾಲಿಕೆಯ ಆರೋಗ್ಯ ಶಾಖೆ. ಈಚಿನ ವರ್ಷಗಳ ಜನನಗಳು ‘ಇ-ಜನ್ಮ’ ಎಂಬ ಗಣಕದ ವ್ಯವಸ್ಥೆಯಲ್ಲಿವೆ. ಅವನ್ನು ಪಡೆಯುವುದು ಕಷ್ಟವಲ್ಲ, ನಮ್ಮ ಮಾತು ಹಳೆಯವನ್ನು ಕುರಿತದ್ದು. ಅರ್ಜಿಯಲ್ಲಿ ತಂದೆ ತಾಯಿಯರ ಹೆಸರು, ಹುಟ್ಟಿದ ಊರು, ಮಗು ಗಂಡೋ ಹೆಣ್ಣೋ ಎಂಬುದು, ಇಸವಿ ಇಷ್ಟಾದರೂ ಇರಬೇಕು. ಶೋಧನೆಗೆ ವರ್ಷದ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳುತ್ತಾರಾದ್ದರಿಂದ ಇಸವಿ ಖಚಿತವಾದಷ್ಟೂ ಲಾಭ. ಆದರೆ ಒಂದೇ ವರ್ಷವನ್ನು ಹಿಡಿದು ಕೂರಬೇಡಿ. ಹಿಂದೊಂದು ಮುಂದೊಂದು ಸೇರಿಸಿ ಕೇಳಿ.

ಜಾತಕವಿದ್ದವರು ಎರಡು ಕಡೆ ಎಡವುತ್ತಾರೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಎಂದರೆ 1876-77 ಆದೀತು, 1936-37 ಆದೀತು, 1996-97 ಆದೀತು. ಅಜ್ಜನ ಜಾತಕವನ್ನು ಮೊಮ್ಮಗನದೆಂದು ತಿಳಿಯುವ ಅಪಾಯ ಕಡಿಮೆಯಾದರೂ ಇಲ್ಲದಿಲ್ಲ; ಒಂದೇ ಹೆಸರು ಅಜ್ಜನಿಂದ ಮೊಮ್ಮಗನಿಗೆ ಬರುವ ನಾಡು ನಮ್ಮದು. ಇನ್ನೊಂದು, ನಮ್ಮ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಸರ್ಕಾರದ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಬೆಳಗಿನ ಜಾವ ಮೂರು ಗಂಟೆಗೆ ಹುಟ್ಟಿದ ಮಗುವನ್ನು ತಾಯಿ ಸೋಮವಾರ ರಾತ್ರಿಯದೆನ್ನುತ್ತಾಳೆ, ಜಾತಕವೂ ಹಾಗೆಯೇ ಹೇಳುತ್ತದೆ. ಆಸ್ಪತ್ರೆಯ ಪುಸ್ತಕ ಮಂಗಳವಾರವೆನ್ನುತ್ತದೆ. ಇಬ್ಬರೂ ಸುಳ್ಳು ಹೇಳಿಲ್ಲ. ಒಂದು ದಿನದ ಇಂಥ ವ್ಯತ್ಯಾಸ ಕಂಡರೆ, ದಾಖಲೆ ಬೇರೆಯವರದೆಂದು ಬಿಟ್ಟುಬರಬಾರದು.

ಸಿಕ್ಕದೆ ಹೋದರೆ? ದಾಖಲೆ ಲಭ್ಯವಿಲ್ಲವೆಂದು ಬರಹದಲ್ಲಿ ಕೊಡುವಂತೆ ಕೇಳಿ ಪಡೆಯಬೇಕು. ಬಾಯಿಮಾತಿನ ‘ಇಲ್ಲ’ಕ್ಕೆ ಮುಂದೆ ಯಾರೂ ಬೆಲೆ ಕೊಡುವುದಿಲ್ಲ. ಒಂದು ವರ್ಷ ಮೀರಿದ ಹುಟ್ಟನ್ನು ಹೊಸದಾಗಿ ಬರೆಸಲು ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಶಾಲೆಯ ದಾಖಲೆಯೊಂದನ್ನೇ ನೆಚ್ಚಿಕೊಂಡವರು ಇನ್ನೊಂದನ್ನು ನೆನಪಿಡಬೇಕು. 1988ರಲ್ಲಿ ಒಂದು ಚುನಾವಣೆಯ ತಕರಾರಿನಲ್ಲಿ ಸುಪ್ರೀಂ ಕೋರ್ಟು, ಯಾರು ಹೇಳಿ ಯಾವ ಆಧಾರದ ಮೇಲೆ ಬರೆಸಿದರೆಂಬುದು ಸಿದ್ಧವಾಗದ ಶಾಲಾ ತಾರೀಖಿಗೆ ಸಾಕ್ಷ್ಯದ ಬೆಲೆ ಇಲ್ಲವೆಂದು ತೀರ್ಪು ಕೊಟ್ಟಿತು. ಮೇಷ್ಟರ ಜೂನ್ 1 ಅಷ್ಟು ಗಟ್ಟಿಯಲ್ಲ.

ಈಗ ಆ ತಿದ್ದುಪಡಿಯಿಂದಲೇ ಕಾಲ ಇನ್ನೊಂದು ಮಗ್ಗುಲಿಗೆ ಹೊರಳಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ವಾಹನದ ಪರವಾನಗಿ, ಮದುವೆಯ ನೋಂದಣಿ, ಸರ್ಕಾರಿ ನೌಕರಿ ಮೊದಲಾದವಕ್ಕೆ ಹುಟ್ಟಿದ ತಾರೀಖು, ಸ್ಥಳಗಳ ರುಜುವಾತು ಜನನ ಪ್ರಮಾಣ ಪತ್ರವೇ. 2025ರಲ್ಲಿ ಪಾಸ್‌ಪೋರ್ಟಿನ ನಿಯಮವನ್ನೂ ಇದಕ್ಕೆ ಹೊಂದಿಸಿದರು. ತಲೆಯ ಮೇಲಿಂದ ಕಿವಿ ಮುಟ್ಟುವ ಪರೀಕ್ಷೆಗೆ ಇನ್ನು ಜಾಗವಿಲ್ಲ. ಇದು ಸರಿಯಾದ ಹೆಜ್ಜೆಯೆಂದೇ ನಾನು ತಿಳಿದಿದ್ದೇನೆ. ಆದರೆ ಒಂದು ಪುಸ್ತಕದ ಮೇಲೆ ಇಷ್ಟು ಭಾರ ಹೊರಿಸಿದಾಗ, ಅದರಲ್ಲಿ ಬರೆಯಿಸಿಕೊಳ್ಳದೆ ಉಳಿದವನ ಗತಿ ಹಿಂದಿಗಿಂತ ಕಠಿಣವಾಗುತ್ತದೆ. ಸುಗ್ಗಿಗೆ ವಲಸೆ ಹೋದಾಗ ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ಹುಟ್ಟಿದ ಮಗುವಿಗೆ ಊರು ಯಾವುದು, ಯಜಮಾನ ಯಾರು, ಇಪ್ಪತ್ತೊಂದು ದಿನದಲ್ಲಿ ಹೋಗಿ ತಿಳಿಸುವವರು ಯಾರು? ಮೇಲಿನಕೇರಿಯ ಸುದ್ದಿ ತರುತ್ತಿದ್ದ ತಳವಾರನೂ ಈಗಿಲ್ಲ. ಕಾಯಿದೆ ಬರೆದವರಿಗಿಂತ, ಅದನ್ನು ನಡೆಸುವ ಗ್ರಾಮ ಆಡಳಿತಾಧಿಕಾರಿಗೂ ಆಶಾ ಕಾರ್ಯಕರ್ತೆಗೂ ಈ ಪ್ರಶ್ನೆ ಹೆಚ್ಚು ಚೆನ್ನಾಗಿ ಗೊತ್ತು. ತಂದೆಯ ಹೆಸರು ಹೇಳಲಿಚ್ಛಿಸದ ಒಂಟಿ ತಾಯಿಗೆ ಅವಳ ಪ್ರಮಾಣಪೂರ್ವಕ ಹೇಳಿಕೆಯ ಮೇಲೆಯೇ ಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದ್ದು ಈ ದಾರಿಯಲ್ಲಿ ಒಂದು ಒಳ್ಳೆಯ ಮಾತು.

ಹೆಸರಿಲ್ಲದ ಸಾಲಿಗೆ ಹೆಸರು ತುಂಬುವ ದಾರಿಯನ್ನೂ 1969ರ ಕಾಯಿದೆ ತೆರೆದಿಟ್ಟಿದೆ. ನೋಂದಣಿಯಾದ ಒಂದು ವರ್ಷದೊಳಗಾದರೆ ಶುಲ್ಕವಿಲ್ಲ. ಆಮೇಲೆ ಹದಿನೈದು ವರ್ಷದ ತನಕ ತಡದ ಶುಲ್ಕದೊಡನೆ ಸೇರಿಸಬಹುದು. ಹಳಬರಿಗಾಗಿ ಈ ಗಡುವನ್ನು ಆಗಾಗ ಮುಂದಕ್ಕೆ ಹಾಕಿದ್ದೂ ಉಂಟು. ಅರ್ಜಿ ಕೊಡುವ ದಿನ ಯಾವ ಗಡುವು ನಡೆಯುತ್ತಿದೆಯೆಂದು ಕಚೇರಿಯಲ್ಲಿಯೇ ಕೇಳಿ ತಿಳಿಯುವುದು ಒಳ್ಳೆಯದು. ತಂದೆಯ ಹೆಸರು ತಪ್ಪಾಗಿದ್ದರೆ, ತಾರೀಖು ತಪ್ಪಾಗಿದ್ದರೆ ತಿದ್ದುವುದಕ್ಕೂ ಅವಕಾಶವಿದೆ. ಆದರೆ ನೋಂದಣಾಧಿಕಾರಿ ಮೊದಲು ಬರೆದ ಸಾಲನ್ನು ಹೊಡೆದುಹಾಕುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ತಿದ್ದುಪಡಿಯನ್ನು ಪುಟದ ಅಂಚಿನಲ್ಲಿ ಬರೆದು, ಅದಕ್ಕೆ ರುಜು ಮಾಡಿ, ಆ ದಿನದ ತಾರೀಖು ಹಾಕಬೇಕು.